ನಮ್ಮ ಮನೆಯ ಮೂರನೇ ಸೂಜಿ

2022ರ ಜನವರಿ 10ರಂದು ಕೋವಿಡ್ ಮುನ್ನೆಚ್ಚರಿಕೆ ಡೋಸ್, ಅಂದರೆ ಮೂರನೇ ಡೋಸ್, ಶುರುವಾದಾಗ ನಮ್ಮ ಮನೆಯಲ್ಲಿ ಒಬ್ಬರಿಗೂ ಅದು ಸಿಗುವಂತಿರಲಿಲ್ಲ. ಅವ್ವ ಅರವತ್ತೈದು ದಾಟಿದವಳು, ಸಕ್ಕರೆ ಕಾಯಿಲೆ ಬಹಳ ವರ್ಷದ್ದು, ಬಿಪಿ ಗುಳಿಗೆ ಬೇರೆ. ಸರ್ಕಾರದ ಪಟ್ಟಿಯಲ್ಲಿ ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಸಿಬ್ಬಂದಿ, ಬೇರೆ ಕಾಯಿಲೆ ಇರುವ 60 ದಾಟಿದವರು ಇದ್ದರು. ಆ ಪ್ರಕಾರ ಅವ್ವ ಪಟ್ಟಿಗೆ ಕೂಡುತ್ತಿದ್ದಳು. ಕೂಡದೇ ಹೋದದ್ದು ತಾರೀಖು. ಎರಡನೇ ಡೋಸ್ ಆಗಿ ಒಂಬತ್ತು ತಿಂಗಳು, ಅಂದರೆ 39 ವಾರ ತುಂಬಿರಬೇಕು ಎಂಬ ಷರತ್ತಿತ್ತು. ಅವ್ವನಿಗೆ ಆಗಿನ್ನೂ ಏಳೂ ತುಂಬಿರಲಿಲ್ಲ.

ಈ ಲೆಕ್ಕವನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಿದರೆ ತಮಾಷೆ ಅನಿಸುತ್ತದೆ. ಜನವರಿ 10ಕ್ಕೆ 39 ವಾರ ಆಗಬೇಕೆಂದರೆ ಎರಡನೇ ಡೋಸ್ 2021ರ ಏಪ್ರಿಲ್ ಎರಡನೇ ವಾರದ ಹೊತ್ತಿಗೇ ಮುಗಿದಿರಬೇಕು. 60 ದಾಟಿದವರಿಗೆ ಲಸಿಕೆ ಹಾಕಲು ಶುರು ಮಾಡಿದ್ದೇ ಆ ವರ್ಷದ ಮಾರ್ಚ್ 1ಕ್ಕೆ. ಮೊದಲ ದಿನಗಳಲ್ಲೇ ಪಾಳಿ ಹಚ್ಚಿ, ನಾಲ್ಕು ವಾರ ತುಂಬುತ್ತಲೇ ಮತ್ತೆ ಹೋಗಿ ನಿಂತವರಿಗಷ್ಟೇ ಅದು ಕೂಡಿ ಬರುತ್ತಿತ್ತು. ನಮ್ಮ ಓಣಿಯಲ್ಲಿ ಅಂಥವರು ಒಬ್ಬರೇ ಇದ್ದರು, ನಿವೃತ್ತ ಮಾಸ್ತರು. ಜನವರಿಯಲ್ಲೇ ಮೂರನೇದನ್ನೂ ಮುಗಿಸಿಕೊಂಡು ಬಂದು ಕಟ್ಟೆಯ ಮೇಲೆ ಕೂತು ಎಲ್ಲರಿಗೂ ತೋಳು ತೋರಿಸಿದರು. ಉಳಿದ ಹಿರಿಯರೆಲ್ಲ ಓಮಿಕ್ರಾನ್ ಬಂದಾಗ ಮೂರನೇ ಡೋಸಿಲ್ಲದೆ ಕೂತಿದ್ದರು.

ನಮ್ಮದು ಬಾಗಲಕೋಟೆಯ ನವನಗರ. ನಾನು ಸಣ್ಣದೊಂದು ಬಟ್ಟೆ ಅಂಗಡಿ ನಡೆಸುತ್ತೇನೆ, ಗುಳೇದಗುಡ್ಡದ ಖಣ, ಇಳಕಲ್ ಸೀರೆ, ಲಗ್ನದ ಜವಳಿ. ಹೀಗಾಗಿ ನನ್ನ ತಲೆಯೊಳಗಿನ ಕ್ಯಾಲೆಂಡರ್ ಲಗ್ನಸರಾಯಿಯದು. ಅವ್ವನದು ಹಬ್ಬ ಹುಣ್ಣಿಮೆಯದು. ಲಸಿಕೆಗೆ ಹೆಸರು ಹಚ್ಚುವ ಸರ್ಕಾರಿ ಪೋರ್ಟಲ್ ಕೋವಿನ್‌ನದು ವಾರಗಳದು. ಈ ಮೂರನ್ನೂ ಒಂದಕ್ಕೊಂದು ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು.

ಅವ್ವನ ಮೊದಲ ಡೋಸ್ ಕೋವಿಶೀಲ್ಡ್, 2021ರ ಹೋಳಿಹುಣ್ಣಿಮೆಗೆ ನಾಲ್ಕಾರು ದಿನ ಮೊದಲು. ಅದೇ ವಾರ ಎರಡು ಡೋಸಿನ ನಡುವಿನ ಅಂತರವನ್ನು ಹಿಗ್ಗಿಸಿದ್ದರು. 4ರಿಂದ 6 ವಾರ ಇದ್ದದ್ದು 8ರ ತನಕ ಹೋಯಿತು, ಆರು ವಾರ ಬಿಟ್ಟು ತಗೊಂಡರೆ ಉತ್ತಮ ಎಂದರು. ಚೀಟಿಯ ಮೇಲೆ ನರ್ಸಮ್ಮ ಮೇ ತಿಂಗಳ ತಾರೀಖು ಬರೆದುಕೊಟ್ಟಳು. ಮೇ ಬಂದಾಗ ಏನಿತ್ತು ಎಲ್ಲರಿಗೂ ನೆನಪಿದೆ. ಲಾಕ್‌ಡೌನ್, ಆಕ್ಸಿಜನ್ ಹಾಸಿಗೆಗೆ ಪರದಾಟ, ಲಸಿಕಾ ಕೇಂದ್ರದ ಬಾಗಿಲಿಗೆ ‘ಲಸಿಕೆ ಲಭ್ಯವಿಲ್ಲ’ ಎಂಬ ಹಾಳೆ. ಮೇ 13ರಂದು ಕೋವಿಶೀಲ್ಡ್ ಅಂತರ 12ರಿಂದ 16 ವಾರ ಎಂದಾಯಿತು. ಚೀಟಿಯ ಮೇಲಿನ ತಾರೀಖಿಗೆ ಬೆಲೆ ಉಳಿಯಲಿಲ್ಲ.

“ಮಾಲ್ ಇಲ್ಲ, ಅದಕ್ಕ ಮುಂದ ದೂಡ್ಯಾರ” ಅಂತ ಓಣಿಯೆಲ್ಲ ಮಾತು. ಮಾಲು ಇರಲಿಲ್ಲ ಅನ್ನುವುದು ಸುಳ್ಳಲ್ಲ. ಆದರೆ ದೂಡಿದ್ದಕ್ಕೆ ಅದೊಂದೇ ಕಾರಣವಾಗಿರಲಿಲ್ಲ. ಕೋವಿಶೀಲ್ಡ್ ರೂಪಿಸಿದ ಆಕ್ಸ್‌ಫರ್ಡ್ ತಂಡದವರು ಆ ವರ್ಷದ ಫೆಬ್ರವರಿಯಲ್ಲೇ ಪ್ರಕಟಿಸಿದ ವರದಿಯಲ್ಲಿ, ಎರಡು ಡೋಸ್‌ಗಳನ್ನು ಆರು ವಾರದೊಳಗೆ ತಗೊಂಡವರಲ್ಲಿ ಲಸಿಕೆಯ ಪರಿಣಾಮ ಸುಮಾರು ಶೇ 55, ಹನ್ನೆರಡು ವಾರ ಅಥವಾ ಅದಕ್ಕಿಂತ ಹೆಚ್ಚು ಬಿಟ್ಟು ತಗೊಂಡವರಲ್ಲಿ ಸುಮಾರು ಶೇ 81 ಎಂದಿತ್ತು. ನಾನು ಅದನ್ನು ಓದಿದ್ದು ಆಮೇಲೆ. ಆಗ ಗೊತ್ತಿದ್ದಿದ್ದರೆ ಅವ್ವನ ಕೂಡ ವಾದ ಮಾಡುವ ಕೆಲಸ ತಪ್ಪುತ್ತಿತ್ತು.

ಮುಳುಗಡೆ ಊರಿನವರಾದ ನಮಗೆ ತಾರೀಖು ಮುಂದೆ ಹೋಗುವುದು ಹೊಸದೇನಲ್ಲ. ಆಲಮಟ್ಟಿ ಹಿನ್ನೀರು ಹಳೇ ಊರಿನೊಳಗೆ ಬರುವುದಕ್ಕೆ ಮೊದಲು ನೋಟಿಸಿನ ತಾರೀಖು, ಪರಿಹಾರದ ತಾರೀಖು, ಪ್ಲಾಟ್ ಹಂಚುವ ತಾರೀಖು ಎಷ್ಟು ಸಲ ಮುಂದಕ್ಕೆ ಹೋದವೋ. 519.60 ಮೀಟರ್, 524.256 ಮೀಟರ್ ಅನ್ನುವ ಜಲಾಶಯದ ಮಟ್ಟದ ಅಂಕಿಗಳು ನಮ್ಮೂರಿನ ಹುಡುಗರಿಗೂ ಬಾಯಿಪಾಠ. ಅದಕ್ಕೇ ಇರಬೇಕು, ಲಸಿಕೆ ತಾರೀಖು ಮುಂದೆ ಹೋದಾಗ ಅವ್ವ ಬೇಜಾರೇನೂ ಮಾಡಿಕೊಳ್ಳಲಿಲ್ಲ. ಮುಂದಿನ ವರ್ಷ ಜುಲೈನಲ್ಲಿ ತಾರೀಖು ಹಿಂದಕ್ಕೆ ಬಂದಾಗಲೇ ಅವಳಿಗೆ ಆಶ್ಚರ್ಯ.

ಎರಡನೇ ಡೋಸ್ ಅಂತೂ ಕಾರಹುಣ್ಣಿಮೆಗೆ ಮೊದಲಿನ ವಾರದಲ್ಲೇ ಸಿಕ್ಕಿತು, 84 ದಿನ ತುಂಬಿದ ಕೂಡಲೇ. ಅಲ್ಲಿಂದ 39 ವಾರ ಎಣಿಸಿದರೆ 2022ರ ಹೋಳಿಯ ಆಸುಪಾಸು.

ನಡುವೆ ಓಮಿಕ್ರಾನ್ ಬಂತು. ಜನವರಿ ಕೊನೆಗೆ ಮೊದಲು ನನಗೆ ಗಂಟಲು ಕೆರೆತ, ಆಮೇಲೆ ಮಕ್ಕಳಿಗೆ ನೆಗಡಿ, ಕೊನೆಗೆ ಅವ್ವನಿಗೆ ಜ್ವರ. ಲಕ್ಷಣವಿಲ್ಲದ ಸಂಪರ್ಕಿತರೆಲ್ಲ ಪರೀಕ್ಷೆ ಮಾಡಿಸಬೇಕಿಲ್ಲ, ವಯಸ್ಸಾದವರು, ಬೇರೆ ಕಾಯಿಲೆ ಇರುವವರು ಮಾಡಿಸಿಕೊಳ್ಳಲಿ ಎಂದು ಐಸಿಎಂಆರ್ ಆಗ ಹೇಳಿತ್ತು. ಅವ್ವನಿಗೆ ಜ್ವರವೂ ಇತ್ತು, ವಯಸ್ಸೂ ಇತ್ತು, ಮಾಡಿಸಿದೆವು. ಪಾಸಿಟಿವ್. ಏಳು ದಿನ ಹಿಂದಿನ ಕೋಣೆಯಲ್ಲಿ ಅವಳು, ಬಾಗಿಲ ಹೊರಗೆ ಆಕ್ಸಿಮೀಟರ್ ಹಿಡಿದು ನಾನು. ಆಕ್ಸಿಜನ್ ಮಟ್ಟ 94ಕ್ಕಿಂತ ಕೆಳಗೆ ಇಳಿಯಲಿಲ್ಲ. ಸಕ್ಕರೆ ಮಾತ್ರ ಏರಿತು, ಅದು ತಹಬಂದಿಗೆ ಬರಲು ಮತ್ತೆ ಕೆಲವು ವಾರ ಬೇಕಾಯಿತು. ಫೆಬ್ರವರಿ ಮೊದಲ ವಾರದಲ್ಲಿ ಎದ್ದು ಓಡಾಡಿದಳು.

ಮಾರ್ಚ್ ಬಂತು. ಬಾಗಲಕೋಟೆಯ ಹೋಳಿ ಅಂದರೆ ಗೊತ್ತಲ್ಲ, ಬಣ್ಣದ ಬಂಡಿಗಳು, ಹಲಗೆ ಸಪ್ಪಳ, ಊರಿಗೆ ಊರೇ ಬೀದಿಯಲ್ಲಿ. ಎರಡು ವರ್ಷ ಬಿಗಿಹಿಡಿದಿದ್ದ ಜನ ಆ ಸಲ ಬಿಡುವುದುಂಟೆ. ಅದೇ ವಾರ ಮಾರ್ಚ್ 16ರಿಂದ 60 ದಾಟಿದ ಎಲ್ಲರಿಗೂ ಮೂರನೇ ಡೋಸ್, ಬೇರೆ ಕಾಯಿಲೆ ಇರಬೇಕೆಂಬ ಷರತ್ತಿಲ್ಲ ಎಂದಾಯಿತು. ಅವ್ವನ ಡೋಸ್ ಬಾಕಿ ಇದೆ ಎಂದು ಕೋವಿನ್ ಸಂದೇಶವೂ ಬಂತು. ಅವ್ವನಿಗೆ ಕೋವಿಡ್ ಬಂದು ಹೋದದ್ದು ಆ ಸಂದೇಶಕ್ಕೆ ಗೊತ್ತಿರಲಿಲ್ಲ. ಅದು ಎಣಿಸಿದ್ದು ಎರಡನೇ ಸೂಜಿಯಿಂದ ಇಲ್ಲಿಗೆ ಎಷ್ಟು ವಾರ ಅನ್ನುವುದನ್ನಷ್ಟೇ.

ಇಲ್ಲಿ ಎರಡು ನಿಯಮ ಒಂದಕ್ಕೊಂದು ಅಡ್ಡ ಬಂದವು. 39 ವಾರ ಆಗಿದೆ, ತಗೋ ಅನ್ನುವುದು ಒಂದು. ಕೋವಿಡ್ ಬಂದು ಗುಣವಾದವರು ಮೂರು ತಿಂಗಳು ಬಿಟ್ಟು ಲಸಿಕೆ ತಗೋಬೇಕು, ಮುನ್ನೆಚ್ಚರಿಕೆ ಡೋಸಿಗೂ ಇದೇ ಅನ್ವಯ ಎಂದು ಜನವರಿ 21ರ ಕೇಂದ್ರ ಸರ್ಕಾರದ ಪತ್ರ, ಅದು ಇನ್ನೊಂದು. ಎರಡರಲ್ಲಿ ಯಾವುದರ ತಾರೀಖು ತಡವಾಗಿ ಬರುತ್ತದೋ ಅದರಂತೆ ನಡೆಯಬೇಕಿತ್ತು. ಲೆಕ್ಕ ಇಷ್ಟೇ. ಆದರೆ ಇದನ್ನು ಸ್ಪಷ್ಟವಾಗಿ ಹೇಳುವವರು ಸಿಗಲಿಲ್ಲ. ಕೇಂದ್ರದಲ್ಲಿ ಕೇಳಿದಾಗ ಮೇಜಿನ ಹುಡುಗ ಪರದೆ ನೋಡಿ “ಡ್ಯೂ ಐತ್ರಿ, ಕರಕೊಂಡ ಬರ್ರಿ” ಅಂದ. ಪಕ್ಕದ ಮನೆಯವರು “ಮೊದ್ಲು ಹಾಕ್ಸಿ ಬಿಡ್ರಿ, ಮತ್ತೊಂದು ಅಲಿ ಬಂದ್ರ?” ಅಂದರು. ಅವ್ವ “ಹೋಳಿ ಮುಗೀಲಿ” ಅಂದಳು. ಅವಳ ಮಾತೇ ಎಲ್ಲರಿಗಿಂತ ನಿಯಮಕ್ಕೆ ಹತ್ತಿರವಿತ್ತು, ಕಾರಣ ಬೇರೆ ಇದ್ದರೂ.

ನಾವು ಕಾಯಂ ತೋರಿಸುವ ಡಾಕ್ಟರ ಕಡೆ ಹೋದೆ. ಅವರು ವಿವರಿಸಿ ಹೇಳುವ ಜಾತಿಯವರು, ಹೊರಗೆ ಪಾಳಿ ಎಷ್ಟೇ ಇರಲಿ. “ಹಸಿ ಗ್ವಾಡಿ ಮ್ಯಾಲ ಸುಣ್ಣ ಬಳದ್ರ ಹಿಡೀತೈತೇನು?” ಅಂತ ಕೇಳಿದರು. ಸೋಂಕು ಬಂದು ಹೋದಾಗ ದೇಹದಲ್ಲಿ ಪ್ರತಿಕಾಯಗಳು ತುಂಬಿ ಇರುತ್ತವೆ. ಆ ಹೊತ್ತಿನಲ್ಲಿ ಲಸಿಕೆ ಕೊಟ್ಟರೆ ಇದ್ದ ಪ್ರತಿಕಾಯಗಳೇ ಅದನ್ನು ಅರ್ಧ ಹಿಡಿದು ಹಾಕುತ್ತವೆ, ಹೊಸದಾಗಿ ಕಲಿಯುವುದು ಕಡಿಮೆ. ವೈರಾಣುವನ್ನು ನೆನಪಿಟ್ಟುಕೊಳ್ಳುವ ಜೀವಕೋಶಗಳು ಪಕ್ವವಾಗುವುದಕ್ಕೂ ತಿಂಗಳುಗಟ್ಟಲೆ ಬೇಕು. ಬಹಳ ತಡ ಮಾಡಿದರೆ ಪ್ರತಿಕಾಯಗಳು ಇಳಿದು, ಮುಂದಿನ ಅಲೆ ಬಂದಾಗ ಮತ್ತೆ ಸೋಂಕು ತಗಲುವುದು ಸುಲಭ. ಆದರೆ ಆಸ್ಪತ್ರೆ ಸೇರುವಷ್ಟು ಆಗದಂತೆ ತಡೆಯುವ ಶಕ್ತಿ ಅಷ್ಟು ಬೇಗ ಇಳಿಯುವುದಿಲ್ಲ. “ಎರಡು ಸೂಜಿ, ಮ್ಯಾಲೊಂದು ಸೋಂಕು ಆಗೇತಿ. ನಿಮ್ಮವ್ವ ಈಗ ಒಳ್ಳೆ ಜಾಗಾದಾಗ ಅದಾರ, ಅವಸರ ಮಾಡಬ್ಯಾಡ್ರಿ” ಅಂದರು.

ನಾನು ಒಂಬತ್ತು ತಿಂಗಳ ನಿಯಮದ ಬಗ್ಗೆಯೂ ಕೇಳಿದೆ. ಇಸ್ರೇಲ್‌ನವರು 2021ರ ಜುಲೈ ಕೊನೆಗೇ ವಯಸ್ಸಾದವರಿಗೆ ಮೂರನೇದು ಕೊಡಲು ಶುರು ಮಾಡಿ ಐದು ತಿಂಗಳ ಅಂತರ ಇಟ್ಟಿದ್ದರು. ಓಮಿಕ್ರಾನ್ ಬಂದಾಗ ಇಂಗ್ಲೆಂಡಿನವರು ಆರು ತಿಂಗಳಿದ್ದದ್ದನ್ನು ಮೂರಕ್ಕೆ ಇಳಿಸಿದರು. ನಮ್ಮಲ್ಲಿ ಮಾತ್ರ ಒಂಬತ್ತು ಯಾಕೆ? ಡಾಕ್ಟರು ನಕ್ಕು “ದೇಶ ದೊಡ್ಡದು” ಅಂದು ಮುಂದಿನ ಪೇಷೆಂಟನ್ನು ಕರೆದರು. ನನ್ನ ಅನಿಸಿಕೆ ಹೇಳುವುದಾದರೆ, ನನ್ನಂಥ ನಲವತ್ತರ ಆಸುಪಾಸಿನವರಿಗೆ ಆರಾದರೂ ಒಂದೇ, ಒಂಬತ್ತಾದರೂ ಒಂದೇ. ವಯಸ್ಸಾದವರಿಗೆ, ಸಕ್ಕರೆ ಇದ್ದವರಿಗೆ ಮಾತ್ರ ಮೊದಲಿನಿಂದಲೇ ಆರು ತಿಂಗಳು ಇಡಬೇಕಿತ್ತು. ಹಾಗಿದ್ದಿದ್ದರೆ ಜನವರಿ 10ರ ಮರುದಿನವೇ ಅವ್ವನನ್ನು ಕರೆದೊಯ್ಯುತ್ತಿದ್ದೆ, ಜ್ವರ ಬಂದದ್ದು ಅದಾದ ಎರಡು ವಾರದ ಮೇಲೆ. ಎಲ್ಲರಿಗೂ ಒಂದೇ ಅಂತರ ಇಟ್ಟರೆ ಪರದೆ ನೋಡುವವರಿಗೆ ಅನುಕೂಲ, ಅಷ್ಟೇ.

ಬಸವ ಜಯಂತಿ ಮುಗಿದ ವಾರ ಅವ್ವನ ಮೂರು ತಿಂಗಳು ತುಂಬಿತು. ನಾನು ತಲೆಕೆಡಿಸಿಕೊಂಡಿದ್ದೆಲ್ಲ ತಾರೀಖಿಗೆ. ತೊಡಕು ಇದ್ದದ್ದು ಫೋನ್ ನಂಬರಿನಲ್ಲಿ.

ಮೊದಲ ಡೋಸಿನ ಹೊತ್ತಿಗೆ ನನ್ನ ತಮ್ಮ ಊರಲ್ಲೇ ಇದ್ದ. ಒಂದು ನಂಬರಿಗೆ ನಾಲ್ಕೇ ಮಂದಿ ಅಂತ ಆಗ ಮಿತಿ ಇತ್ತು, ನನ್ನದರಲ್ಲಿ ಆಗಲೇ ಅತ್ತೆಮನೆಯವರೆಲ್ಲ ತುಂಬಿದ್ದರು. ಹೀಗಾಗಿ ಅವ್ವನನ್ನು ತಮ್ಮನ ನಂಬರಿನಲ್ಲಿ, ಮತದಾರರ ಗುರುತಿನ ಚೀಟಿ ಕೊಟ್ಟು ನೋಂದಾಯಿಸಿದ್ದೆವು. ಮುಂದೆ ಈ ಮಿತಿಯನ್ನು ಆರಕ್ಕೆ ಏರಿಸಿದರು, ಆ ಮಾತು ಬೇರೆ. ಈಗ ತಮ್ಮ ಮಹಾರಾಷ್ಟ್ರದ ಇಚಲಕರಂಜಿಯ ಮಗ್ಗದ ಕಾರ್ಖಾನೆಯಲ್ಲಿ. ಅವ್ವನ ಆಧಾರ್ ಹಿಡಿದು ನನ್ನ ನಂಬರಿನಲ್ಲಿ ಹೊಸದಾಗಿ ಹೆಸರು ಹಚ್ಚಿದರೆ ಕೋವಿನ್ ಅವಳನ್ನು ಹೊಸಬಳೆಂದು ತಿಳಿದು ಮೂರನೇ ಡೋಸನ್ನು ಮೊದಲನೇದು ಅಂತ ಬರೆದುಕೊಳ್ಳುತ್ತದೆ. ಓಣಿಯ ಆಶಾ ಕಾರ್ಯಕರ್ತೆ ಇದನ್ನು ಮೊದಲೇ ಹೇಳಿದ್ದಳು. “ಹಳೇ ನಂಬರ, ಹಳೇ ಐಡಿ. ಎಲ್ಡೂ ಬದಲಿ ಮಾಡಬ್ಯಾಡ್ರಿ ಅಣ್ಣಾರ, ಸರ್ಟಿಫಿಕೇಟ್ ಹಾಳಾಕ್ಕೈತಿ.” ಅವಳಷ್ಟು ಖಚಿತವಾಗಿ ಈ ಇಡೀ ವ್ಯವಹಾರದಲ್ಲಿ ಬೇರೆ ಯಾರೂ ಮಾತಾಡಲಿಲ್ಲ.

ಹೀಗಾಗಿ ಬುಕ್ ಮಾಡಬೇಕೆಂದರೆ ಓಟಿಪಿ ತಮ್ಮನ ಫೋನಿಗೆ ಹೋಗುತ್ತದೆ. ಕಾರ್ಖಾನೆಯೊಳಗೆ ಮಗ್ಗದ ಗದ್ದಲ, ಫೋನ್ ಎತ್ತಿದರೂ ಕೇಳುವುದಿಲ್ಲ. ಆ ಓಟಿಪಿ ಕೆಲವೇ ನಿಮಿಷಕ್ಕೆ ಹಳತಾಗುತ್ತದೆ. ಒಂದು ಮುಂಜಾನೆ ಅವನು ಚಹಾದ ಬಿಡುವಿನಲ್ಲಿ ಹೊರಗೆ ಬಂದು ನಿಂತ. ನಾನು ಇಲ್ಲಿ ನಂಬರ್ ಒತ್ತಿದೆ. ಅವ್ವ ನನ್ನ ಇನ್ನೊಂದು ಫೋನ್ ಹಿಡಿದುಕೊಂಡು ನಡುವೆ ಕೂತಳು. ಅವನು ಒಂದೊಂದೇ ಅಂಕಿ ಹೇಳುತ್ತಾನೆ, ಅವ್ವ ಅದನ್ನು ನನಗೆ ಹೇಳುತ್ತಾಳೆ, “ಮೂರು… ಸೊನ್ನಿ… ಏನಂದ್ಯೋ, ಆರಾ ಏಳಾ?” ಅಷ್ಟರಲ್ಲಿ ಅವರ ಮಾತು ಅವನ ಮಗಳ ಹಲ್ಲು ಹುಳುಕಾದ ಸುದ್ದಿಗೆ ಹೊರಳಿತು. ಪರದೆಯ ಮೇಲೆ ಸಮಯ ಮುಗಿದು ಮತ್ತೆ ಮೊದಲಿನಿಂದ. ಎರಡನೇ ಸಲ ಫೋನನ್ನು ಅವ್ವನ ಕೈಯಿಂದ ಇಸಕೊಂಡೆ.

ಸೂಜಿ ಹಾಕಿಸುವುದು ಅದಕ್ಕಿಂತ ಎಷ್ಟೋ ಸಲೀಸು. ಸರ್ಕಾರಿ ಕೇಂದ್ರದಲ್ಲಿ ಆಗ 60 ದಾಟಿದವರಿಗೆ ಪುಕ್ಕಟೆ ಇತ್ತು. ಬೇರೆ ಕಾಯಿಲೆ ಇದೆ ಎಂಬ ಡಾಕ್ಟರ ಸರ್ಟಿಫಿಕೇಟೂ ಬೇಕಿರಲಿಲ್ಲ. ಮೊದಲೆರಡು ಡೋಸ್ ಯಾವ ಲಸಿಕೆಯೋ ಮೂರನೇದೂ ಆಗ ಅದೇ ಇರಬೇಕಿತ್ತು, ಕೋವಿಶೀಲ್ಡ್. ಮೇ ತಿಂಗಳ ಬಿಸಿಲಿಗೆ ಹೆದರಿ ಎಂಟು ಗಂಟೆಗೇ ಹೋಗಿ ನಿಂತೆವು. ಅರ್ಧ ತಾಸು ಕೂರಿಸಿ ಕಳಿಸಿದರು. ರೊಟ್ಟಿ ಬಡಿಯುವ ಕೈ ಬಲಗೈ, ಅದಕ್ಕೇ ಎಡಗೈಗೆ ಹಾಕಿಸಿಕೊಂಡಳು. ರಾತ್ರಿ ಮೈಕೈ ನೋವು, ಒಂದು ಪ್ಯಾರಾಸಿಟಮಾಲ್. ಮರುದಿನ ಎಂದಿನಂತೆ ರೊಟ್ಟಿ.

ನನ್ನ ಪಾಳಿ ಜೂನ್‌ನಲ್ಲಿ ಬಂತು. ನನ್ನ ಎರಡನೇ ಡೋಸ್ ಆದದ್ದು 2021ರ ಸೆಪ್ಟೆಂಬರ್ 17ರ ದೊಡ್ಡ ಅಭಿಯಾನದ ದಿನ, ದೇಶದಲ್ಲಿ ಒಂದೇ ದಿನ ಎರಡೂವರೆ ಕೋಟಿ ಡೋಸ್ ಹಾಕಿದ ದಿನ. ಅಲ್ಲಿಂದ 39 ವಾರ ಅಂದರೆ ಜೂನ್ 17. ಲಗ್ನಸರಾಯಿ ಮುಗಿದ ಹೊತ್ತು, ಒಂದು ದಿನ ಜ್ವರ ಬಂದು ಮಲಗಿದರೂ ಅಂಗಡಿಗೆ ನಷ್ಟವಿಲ್ಲ. ಏಪ್ರಿಲ್‌ನಲ್ಲಿ ಬಂದಿದ್ದರೆ ನಾನೇ ಮುಂದೂಡುತ್ತಿದ್ದೆ. ಬಟ್ಟೆ ಅಂಗಡಿಯವರು, ಶಾಮಿಯಾನದವರು, ಅಡುಗೆಯವರು ಯಾರನ್ನು ಕೇಳಿದರೂ ಇದೇ ಉತ್ತರ. ಸರ್ಕಾರದ ಅಂತರ ಒಂದಿದ್ದರೆ, ಹೊಟ್ಟೆಪಾಡಿನ ಅಂತರ ಇನ್ನೊಂದು ಇರುತ್ತದೆ.

ಆದರೆ 60ರ ಒಳಗಿನವರಿಗೆ ಏಪ್ರಿಲ್ 10ರಿಂದ ಖಾಸಗಿ ಆಸ್ಪತ್ರೆಗಳಲ್ಲಿ ಮಾತ್ರ, ದುಡ್ಡು ಕೊಟ್ಟು. ಶುರುವಾಗುವ ಹಿಂದಿನ ದಿನ ಕಂಪನಿಗಳು ಆಸ್ಪತ್ರೆಗೆ ಕೊಡುವ ದರ ಇಳಿಸಿ, ಕೋವಿಶೀಲ್ಡ್ 600ರಿಂದ, ಕೋವ್ಯಾಕ್ಸಿನ್ 1200ರಿಂದ, ಎರಡನ್ನೂ 225 ರೂಪಾಯಿಗೆ ತಂದಿದ್ದವು. ಅದರ ಮೇಲೆ ಆಸ್ಪತ್ರೆಯ ಸೇವಾ ಶುಲ್ಕ 150ಕ್ಕಿಂತ ಹೆಚ್ಚಿರಬಾರದು. ಅಂದರೆ ನಾನೂರರ ಒಳಗೆ ಮುಗಿಯುತ್ತಿತ್ತು. ದುಡ್ಡಿನದಲ್ಲ ಅಡಚಣೆ, ಬಾಟಲಿಯದು. ಕೋವಿಶೀಲ್ಡಿನ ಒಂದು ಬಾಟಲಿಯಲ್ಲಿ ಹತ್ತು ಡೋಸ್. ಮುಚ್ಚಳಕ್ಕೆ ಮೊದಲ ಸೂಜಿ ಚುಚ್ಚಿದ ಮೇಲೆ ನಾಲ್ಕು ತಾಸಿನೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಹತ್ತು ಮಂದಿ ಕೂಡುವ ತನಕ ಯಾವ ಆಸ್ಪತ್ರೆಯವರೂ ಬಾಟಲಿ ತೆಗೆಯುವುದಿಲ್ಲ. ನಾನು ಕೇಳಿದ ಕಡೆ ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡು “ಮಂದಿ ಕೂಡಿದ್ರ ಫೋನ್ ಮಾಡ್ತೀವ್ರಿ” ಅಂದರು. ಮಂದಿ ಕೂಡಲಿಲ್ಲ. ಜೂನ್‌ನಲ್ಲಿ ಕೋವಿಡ್ ಅಂದರೆ ಯಾರಿಗೂ ಹೆದರಿಕೆ ಉಳಿದಿರಲಿಲ್ಲ, ಹತ್ತು ಜನರನ್ನು ಎಲ್ಲಿಂದ ತರುವುದು. ನಾನೇ ಅಂಗಡಿ ಸಾಲಿನವರನ್ನು ಕೇಳಿ ನೋಡಿದೆ. “ಎರಡು ಹಾಕ್ಸ್ಕೊಂಡೀವಲ್ಲ, ಸಾಕ ಬಿಡೋ ಮಾರಾಯ” ಅನ್ನುವವರೇ ಎಲ್ಲ.

ಆಮೇಲೆ ಎಲ್ಲ ಒಮ್ಮೆಲೇ ಬಂತು. ಜುಲೈ 6ಕ್ಕೆ ಒಂಬತ್ತು ತಿಂಗಳು ಆರಕ್ಕೆ ಇಳಿಯಿತು, 39 ವಾರ ಹೋಗಿ 26 ಆಯಿತು. ಜುಲೈ 15ರಿಂದ 75 ದಿನ, ಸೆಪ್ಟೆಂಬರ್ 30ರ ತನಕ, 18 ದಾಟಿದ ಎಲ್ಲರಿಗೂ ಸರ್ಕಾರಿ ಕೇಂದ್ರಗಳಲ್ಲಿ ಪುಕ್ಕಟೆ ಎಂದರು. ಸ್ವಾತಂತ್ರ್ಯದ ಅಮೃತ ಮಹೋತ್ಸವದ ಲೆಕ್ಕದಲ್ಲಿ. ನಾಲ್ಕು ನೂರು ಕೊಡುತ್ತೇನೆಂದರೂ ಸಿಗದ ಸೂಜಿ ಈಗ ಪಂಚಮಿಗೆ ಮೊದಲೇ ಮನೆ ಹತ್ತಿರದ ಕೇಂದ್ರದಲ್ಲಿ ಸಿಕ್ಕಿತು, ಅಲ್ಲಿ ಮಂದಿಯೂ ಕೂಡಿದ್ದರು.

ಈ ಇಳಿಕೆಯಿಂದ ನಿಜವಾದ ಲಾಭ ಆದದ್ದು ನನ್ನ ಹೆಂಡತಿಗೆ. ಕೂಸು ಹಾಲು ಕುಡಿಯುತ್ತಿದ್ದ ಕಾರಣಕ್ಕೆ ತವರಿನವರು ಹೆದರಿಸಿ ಅವಳ ಮೊದಲ ಡೋಸನ್ನೇ 2021ರ ಡಿಸೆಂಬರ್ ತನಕ ಎಳೆದಿದ್ದರು. ಹಾಲೂಡಿಸುವ ತಾಯಂದಿರು ಲಸಿಕೆ ತಗೋಬಹುದೆಂದು ಮೇ ತಿಂಗಳಲ್ಲೇ ಹೇಳಿಯಾಗಿತ್ತು, ಆದರೆ ತವರಿನ ಮಾತು ಸುತ್ತೋಲೆಗಿಂತ ಗಟ್ಟಿ. ಅವಳದು ಕೋವ್ಯಾಕ್ಸಿನ್, ಅದಕ್ಕೆ ನಾಲ್ಕು ವಾರವೇ ಅಂತರ, ಹೀಗಾಗಿ ಎರಡನೇದು ಸಂಕ್ರಾಂತಿಯ ದಿನಗಳಲ್ಲಿ. ಹಳೇ ಲೆಕ್ಕದಲ್ಲಿ ಮೂರನೇದು ಅಕ್ಟೋಬರ್ ನಡುವೆ ಬೀಳುತ್ತಿತ್ತು, ಆ ಹೊತ್ತಿಗೆ ಪುಕ್ಕಟೆ ಅವಧಿ ಮುಗಿದಿರುತ್ತಿತ್ತು. ಹೊಸ ಲೆಕ್ಕದಲ್ಲಿ ಜುಲೈ ನಡುವೆಯೇ 26 ವಾರ ತುಂಬಿತು. ಕೋವ್ಯಾಕ್ಸಿನ್ ದಿನಾ ಇರುತ್ತಿರಲಿಲ್ಲ, ಆಶಾ ಕಾರ್ಯಕರ್ತೆ ಬಂದ ದಿನ ಹೇಳಿಕಳಿಸಿದಳು. ಪಂಚಮಿ ಉಂಡಿ ಕಟ್ಟುವ ಗಡಿಬಿಡಿಯಲ್ಲೇ ಹೋಗಿ ಬಂದಳು.

ಆಮೇಲೆ ಡಿಸೆಂಬರ್‌ನಲ್ಲಿ ಚೀನಾದಲ್ಲಿ ಕೋವಿಡ್ ಮತ್ತೆ ಏರಿದ ಸುದ್ದಿ ಟಿವಿಯಲ್ಲಿ ಬಂದಾಗ ಅವ್ವ ಮತ್ತೆ ಕೇಳಿದಳು. ಆಗ ಮೂಗಿಗೆ ಹಾಕುವ ಲಸಿಕೆಯ ಮಾತು ಎದ್ದಿತ್ತು, ಇನ್‌ಕೋವ್ಯಾಕ್, ಖಾಸಗಿಯಲ್ಲಿ 800 ರೂಪಾಯಿ ಅಂತ. ಸೂಜಿಯಿಲ್ಲದ್ದು ಅಂದಮೇಲೆ ಅವಳಿಗೆ ಆಸೆಯಾಯಿತು. ಆಶಾ ಕಾರ್ಯಕರ್ತೆಯನ್ನು ಕೇಳಿದೆ, ಡಾಕ್ಟರನ್ನೂ ಕೇಳಿದೆ. ಇಬ್ಬರದೂ ಒಂದೇ ಉತ್ತರ. ಅದು ಮೂರನೇ ಡೋಸ್ ಇನ್ನೂ ತಗೊಳ್ಳದವರಿಗೆ, ತಗೊಂಡವರಿಗೆ ನಾಲ್ಕನೇದಾಗಿ ಕೊಡುವುದಿಲ್ಲ. ಅವ್ವನಿಗೆ ಹಾಗೇ ಹೇಳಿದೆ. “ಹಂಗಂದ್ರ ಇಚಲಕರಂಜ್ಯಾಂವಗ ಹೇಳು, ಅಂವಾ ಇನ್ನಾ ಮೂರನೇದು ತಗೊಂಡಿಲ್ಲ” ಅಂದಳು.